ಉಕ್ರೇನ್‌ಗೆ ಹೋದ ಆಯುಧಗಳ ಲೆಕ್ಕ ಕೇಳೋರು ಯಾರು?

ಪ್ರಶ್ನೆ: ಸರ್, ನಾನು ಮೂಲತಃ ದಾವಣಗೆರೆಯವನು. ಹದಿನಾಲ್ಕು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ, ತೆರಿಗೆಯನ್ನೂ ಇಲ್ಲೇ ಕಟ್ಟುತ್ತೇನೆ. ಅಮೆರಿಕ ಉಕ್ರೇನ್‌ಗೆ ಕೊಟ್ಟ ಶಸ್ತ್ರಾಸ್ತ್ರದ ಬಗ್ಗೆ ನಮ್ಮ ಮನೆಯಲ್ಲಿ ದಿನಾ ಚರ್ಚೆ. ಆರು ತಿಂಗಳಿಗೆಂದು ಬಂದಿರುವ ನಮ್ಮ ಮಾವ ಬೆಳಿಗ್ಗೆ ಕಾಫಿ ಹೊತ್ತಿಗೆ ಒಂದೊಂದು ವಾಟ್ಸಾಪ್ ವಿಡಿಯೋ ತೋರಿಸುತ್ತಾರೆ. ‘175 ಬಿಲಿಯನ್ ಡಾಲರ್ ಕೊಟ್ಟಿದ್ದಾರೆ, ಝೆಲೆನ್‌ಸ್ಕಿಯೇ 75 ಬಂತು ಅಂದಿದ್ದಾರೆ, ಉಳಿದ ನೂರು ಎಲ್ಲಿ ಹೋಯಿತು?’ ಅಂತ ಒಂದು. ‘ಒಂದು ಬಿಲಿಯನ್ ಡಾಲರಿನ ಆಯುಧ ನಾಪತ್ತೆ, ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ನೇ ಒಪ್ಪಿಕೊಂಡಿದೆ’ ಅಂತ ಇನ್ನೊಂದು. ‘ನೂರಕ್ಕೆ ಮೂವತ್ತು ಮಾತ್ರ ಸೈನಿಕರ ಕೈ ಸೇರುತ್ತದೆ’ ಅಂತ ಮತ್ತೊಂದು. ಆರು ಬಿಲಿಯನ್ನಿನ ಲೆಕ್ಕದ ತಪ್ಪು ಆಗಿತ್ತು ಅಂತ ನಾನೇ ಪೇಪರಿನಲ್ಲಿ ಓದಿದ ನೆನಪು. ‘ಲೆಕ್ಕ ಕೇಳೋರು ಯಾರಪ್ಪ?’ ಅಂತಾರೆ ಮಾವ. ನನಗೂ ಉತ್ತರ ಗೊತ್ತಿಲ್ಲ. ಲೆಕ್ಕ ನೋಡುತ್ತಿದ್ದ ಅಧಿಕಾರಿಯನ್ನೇ ಕೆಲಸದಿಂದ ತೆಗೆದರಂತೆ, ನಿಜವಾ? ನನ್ನಂಥವರು ಯಾವುದನ್ನು ನಂಬಬೇಕು, ಏನು ಮಾಡಬಹುದು?

ಉತ್ತರ: ನಿಮ್ಮ ಮಾವ ಕೇಳುತ್ತಿರುವ ಪ್ರಶ್ನೆ ಸರಿಯಾಗಿಯೇ ಇದೆ. ಅವರಿಗೆ ಸಿಗುತ್ತಿರುವ ಉತ್ತರಗಳಲ್ಲಿ ತೊಂದರೆ ಇದೆ. ನಾನು ಮೂವತ್ತೊಂದು ವರ್ಷ ಭಾರತದ ರಕ್ಷಣಾ ಲೆಕ್ಕಪರಿಶೋಧನೆಯಲ್ಲಿ ಕೆಲಸ ಮಾಡಿದವನು. ಉಗ್ರಾಣಗಳಲ್ಲಿ ಪೆಟ್ಟಿಗೆ ಬಿಚ್ಚಿಸಿ ಎಣಿಸುವುದೇ ನನ್ನ ಅನ್ನವಾಗಿತ್ತು. ಅಮೆರಿಕದ ಆಡಿಟ್ ವರದಿಗಳನ್ನು ಓದುವ ಅಭ್ಯಾಸ ಇರಾಕ್ ಯುದ್ಧದ ಕಾಲದಿಂದ ಇದೆ. ಅದರ ಬಲದ ಮೇಲೆ ಹೇಳುತ್ತೇನೆ.

ಮೊದಲು ನನ್ನದೇ ಒಂದು ಅನುಭವ. ತೊಂಬತ್ತರ ದಶಕದಲ್ಲಿ ಒಂದು ಡಿಪೋಗೆ ಹೋಗಿದ್ದೆ. ಸ್ಟಾಕ್ ರಿಜಿಸ್ಟರಿನಲ್ಲಿ 40 ಬೈನಾಕ್ಯುಲರ್ ಇದ್ದವು. ಮರದ ಪೆಟ್ಟಿಗೆ ತೆಗೆಸಿದೆ. ಒಳಗೆ ಹುಲ್ಲು, ಎಣ್ಣೆ ಕಾಗದ, ಅದರಲ್ಲಿ ಸುತ್ತಿಟ್ಟ ಬೈನಾಕ್ಯುಲರ್. ಟಾರ್ಚ್ ಹಿಡಿದು ಒಂದೊಂದರ ನಂಬರ್ ಓದಿದೆ. 31 ಇದ್ದವು. ಸ್ಟೋರ್ ಕೀಪರ್ ಮುಖ ಬಿಳಿಚಿಕೊಂಡಿತು. ಎರಡು ದಿನ ಹುಡುಕಿದೆವು. ಆರು ವರ್ಕ್‌ಶಾಪಿಗೆ ರಿಪೇರಿಗೆ ಹೋಗಿದ್ದವು. ಮೂರನ್ನು ಪಕ್ಕದ ಯೂನಿಟ್ ತಾತ್ಕಾಲಿಕವಾಗಿ ಇಸಿದುಕೊಂಡಿತ್ತು. ಆ ಚೀಟಿ ಬೇರೆ ರಿಜಿಸ್ಟರಿನ ಹಾಳೆಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ಮೊದಲ ದಿನವೇ ‘ಒಂಬತ್ತು ಕಳುವಾಗಿವೆ’ ಅಂತ ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. ‘ಎಲ್ಲ ಸರಿ ಇದೆ’ ಅಂತ ಬರೆದಿದ್ದರೂ ಸುಳ್ಳೇ. ‘ಒಂಬತ್ತು ತೋರಿಸಲಿಲ್ಲ’ ಅಂತ ಬರೆದೆ. ಆ ಕ್ಷಣಕ್ಕೆ ಅದೊಂದೇ ನಿಜ.

ಇನ್ನೊಂದು ಕಡೆ ಇದಕ್ಕೆ ತದ್ವಿರುದ್ಧ. ಕಾಗದದಲ್ಲಿ ಇನ್ನೂರು ಟಾರ್ಪಾಲಿನ್, ಗೋಡೌನಿನಲ್ಲೂ ಇನ್ನೂರು. ಬಿಚ್ಚಿಸಿ ನೋಡಿದರೆ ಹೊರಗಿನ ಮಡಿಕೆ ಮಾತ್ರ ಹೊಸದು, ಒಳಗೆಲ್ಲ ತೂತು ಬಿದ್ದ ಹಳೇ ಸರಕು. ಲೆಕ್ಕ ತಾಳೆಯಾಗಿತ್ತು, ಕಳ್ಳತನವೂ ಆಗಿತ್ತು.

ಈ ಎರಡು ಕಥೆ ತಲೆಯಲ್ಲಿಟ್ಟುಕೊಂಡು ನಿಮ್ಮ ಮಾವನ ವಿಡಿಯೋಗಳನ್ನು ಒಂದೊಂದಾಗಿ ನೋಡೋಣ.

ನೂರು ಬಿಲಿಯನ್ ಕಥೆ ಮೊದಲು. 2022ರಿಂದ 2024ರವರೆಗೆ ಅಮೆರಿಕದ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಉಕ್ರೇನ್ ಹೆಸರಿನಲ್ಲಿ ಐದು ಹೆಚ್ಚುವರಿ ಹಣಕಾಸು ಕಾನೂನು ಮಾಡಿತು. ಒಟ್ಟು ಸುಮಾರು 175 ಬಿಲಿಯನ್ ಡಾಲರ್. ಒಂದು ಬಿಲಿಯನ್ ಅಂದರೆ ನಮ್ಮ ಲೆಕ್ಕದಲ್ಲಿ ನೂರು ಕೋಟಿ. ಆದರೆ ಈ 175ರಲ್ಲಿ ಆಯುಧದ ರೂಪದಲ್ಲಿ ಉಕ್ರೇನ್‌ಗೆ ಹೋಗಬೇಕಾದದ್ದು ಒಂದು ಪಾಲು ಮಾತ್ರ. ಅಮೆರಿಕದ ಸೈನ್ಯ ತನ್ನ ಉಗ್ರಾಣದಿಂದ ಕೊಟ್ಟದ್ದಕ್ಕೆ ಬದಲಾಗಿ ಹೊಸದು ಕೊಳ್ಳಲು ಸುಮಾರು 45 ಬಿಲಿಯನ್ ಇಟ್ಟರು. ಆ ಹಣ ಅಮೆರಿಕದ ಕಾರ್ಖಾನೆಗಳಿಗೇ ಹೋಗುತ್ತದೆ. ಯುರೋಪಿಗೆ ಹೆಚ್ಚುವರಿಯಾಗಿ ಕಳಿಸಿದ ಅಮೆರಿಕನ್ ಸೈನಿಕರ ಖರ್ಚು ಇದೆ. ಉಕ್ರೇನ್ ಸರ್ಕಾರ ಶಿಕ್ಷಕರಿಗೆ, ಆಸ್ಪತ್ರೆ ಸಿಬ್ಬಂದಿಗೆ ಸಂಬಳ, ಮುದುಕರಿಗೆ ಪಿಂಚಣಿ ಕೊಡಲು ವಿಶ್ವಬ್ಯಾಂಕ್ ಮೂಲಕ ಹೋದ ಹಣ ಇದೆ. ನಿರಾಶ್ರಿತರ ನೆರವು ಇದೆ.

ಮದುವೆ ಖರ್ಚು ಇಪ್ಪತ್ತು ಲಕ್ಷ ಆಯಿತು, ಬೀಗರು ‘ನಮ್ಮ ಕೈಗೆ ಬಂದದ್ದು ಎಂಟೇ ಲಕ್ಷ’ ಅಂದರು ಅಂತಿಟ್ಟುಕೊಳ್ಳಿ. ಉಳಿದ ಹನ್ನೆರಡನ್ನು ಯಾರೋ ಕದ್ದರು ಅಂತ ಅರ್ಥವಾ? ಛತ್ರ, ಅಡುಗೆಯವರು, ಓಲಗ, ಬಸ್ಸು, ಎಲ್ಲಕ್ಕೂ ಹೋಗಿರುತ್ತದೆ ಅಲ್ವಾ? ಅಮೆರಿಕದ ವಿದೇಶಾಂಗ ಇಲಾಖೆಯ ಲೆಕ್ಕದಂತೆ 2022ರ ಫೆಬ್ರವರಿಯಿಂದ 2025ರ ಜನವರಿವರೆಗೆ ಕೊಟ್ಟ ಮಿಲಿಟರಿ ನೆರವು 66.9 ಬಿಲಿಯನ್. 2025ರ ಫೆಬ್ರವರಿ ಆರಂಭದ ಸಂದರ್ಶನದಲ್ಲಿ ಝೆಲೆನ್‌ಸ್ಕಿ ಹೇಳಿದ್ದು ಸುಮಾರು 75. ನಮಗೆ ಸೇನೆಗೆಂದು ಇನ್ನೂರು ಬಿಲಿಯನ್ ಬಂತು ಅನ್ನುವುದು ನಿಜವಲ್ಲ ಅಂತ ಅವರು ವಾದಿಸುತ್ತಿದ್ದರು. ಅದರ ಮಧ್ಯದ ಒಂದು ಸಾಲನ್ನು ಕತ್ತರಿಸಿ ವಿಡಿಯೋ ಮಾಡಿದ್ದಾರೆ. ನೂರು ಬಿಲಿಯನ್ ಕಳುವು ಅನ್ನುವುದಕ್ಕೆ ಬುಡವೇ ಇಲ್ಲ.

ಮೂವತ್ತು ಪರ್ಸೆಂಟ್ ಮಾತಿಗೆ ಒಂದು ಬುಡ ಇದೆ, ಆದರೆ ಅದು ಹಳಸಿದ್ದು. 2022ರ ಆಗಸ್ಟ್‌ನಲ್ಲಿ ಸಿಬಿಎಸ್ ಚಾನೆಲ್ ಒಂದು ಸಾಕ್ಷ್ಯಚಿತ್ರದ ಪ್ರಚಾರದಲ್ಲಿ ಆ ಅಂಕಿ ಹಾಕಿತು. ಅದು ನೆರವು ಸಾಗಿಸುತ್ತಿದ್ದ ಒಬ್ಬ ಸ್ವಯಂಸೇವಕ ಅದೇ ವರ್ಷ ಏಪ್ರಿಲ್‌ನಲ್ಲಿ ಹೇಳಿದ ಅಂದಾಜು. ಯುದ್ಧ ಶುರುವಾಗಿ ಎರಡು ತಿಂಗಳು, ಎಲ್ಲವೂ ಗಜಿಬಿಜಿ. ಆಮೇಲೆ ಪರಿಸ್ಥಿತಿ ಬಹಳ ಸುಧಾರಿಸಿದೆ ಅಂತ ಅವನೇ ಹೇಳಿದ. ಚಾನೆಲ್ ಆ ಪೋಸ್ಟ್ ತೆಗೆದು, ಚಿತ್ರವನ್ನೂ ತಿದ್ದಲು ಹಿಂದೆ ತೆಗೆದುಕೊಂಡಿತು. ಯಾವ ಆಡಿಟ್ ವರದಿಯಲ್ಲೂ ಆ ಅಂಕಿ ಇಲ್ಲ.

ಈಗ ಆರು ಬಿಲಿಯನ್. ಇದು ನಿಜವಾಗಿ ಆದದ್ದು. ನನ್ನಂಥ ಲೆಕ್ಕದವರಿಗೆ ಎಲ್ಲಕ್ಕಿಂತ ರುಚಿಯಾದ ಭಾಗವೂ ಇದೇ.

ಅಮೆರಿಕದ ಅಧ್ಯಕ್ಷರಿಗೆ ಒಂದು ವಿಶೇಷ ಅಧಿಕಾರ ಇದೆ. ಹೊಸದಾಗಿ ಕೊಂಡು ಕೊಡುವ ಬದಲು ಸೇನೆಯ ಉಗ್ರಾಣದಿಂದಲೇ ತೆಗೆದು ಮಿತ್ರದೇಶಕ್ಕೆ ಕೊಡಬಹುದು. ಇದನ್ನು ಡ್ರಾಡೌನ್ ಅನ್ನುತ್ತಾರೆ. 2021ರ ಆಗಸ್ಟ್‌ನಿಂದ 2025ರ ಜನವರಿವರೆಗೆ ಉಕ್ರೇನ್‌ಗಾಗಿ 55 ಸಲ ಇದನ್ನು ಬಳಸಿದರು, ಸುಮಾರು 31.7 ಬಿಲಿಯನ್ ಬೆಲೆಯ ಸರಕು. ವರ್ಷಕ್ಕೆ ಇಷ್ಟೇ ಬೆಲೆಯದ್ದು ಕೊಡಬಹುದು ಅಂತ ಕಾಂಗ್ರೆಸ್ ಮಿತಿ ಹಾಕುತ್ತದೆ. ಸಮಸ್ಯೆ ಇರುವುದು ‘ಬೆಲೆ’ ಅನ್ನುವ ಆ ಪದದಲ್ಲಿ. ಮೂವತ್ತು ವರ್ಷ ಹಳೆಯ ಶಸ್ತ್ರಸಜ್ಜಿತ ವಾಹನದ ಬೆಲೆ ಎಷ್ಟು? ನಿಮ್ಮ ಹಳೇ ಮಾರುತಿ 800 ಅನ್ನು ಭಾವಮೈದನಿಗೆ ಕೊಟ್ಟಿರಿ ಅಂತಿಟ್ಟುಕೊಳ್ಳಿ. ಕಾರಿನ ಬೆಲೆ ಈಗ ಗುಜರಿಯವನು ಕೊಡುವಷ್ಟಾ, ಅಥವಾ ಅದರ ಜಾಗಕ್ಕೆ ನೀವು ಕೊಳ್ಳಬೇಕಾದ ಹೊಸ ಕಾರಿನಷ್ಟಾ? ಸೇನೆಯ ಕೆಲವು ವಿಭಾಗಗಳು ಹೊಸ ಕಾರಿನ ಬೆಲೆ ಹಾಕಿಬಿಟ್ಟಿದ್ದವು. ಸವಕಳಿ ಕಳೆದ ಬೆಲೆ ಹಾಕಬೇಕಿತ್ತು. 2023ರ ಜೂನ್‌ನಲ್ಲಿ ಪೆಂಟಗನ್ ಒಪ್ಪಿಕೊಂಡ ಹಾಗೆ 2022ರ ಹಣಕಾಸು ವರ್ಷದಲ್ಲಿ 2.6, 2023ರಲ್ಲಿ 3.6, ಒಟ್ಟು 6.2 ಬಿಲಿಯನ್ ಜಾಸ್ತಿ ಬರೆದಿದ್ದರು. 2024ರ ಜುಲೈನಲ್ಲಿ ಜಿಎಒ ವರದಿಯಲ್ಲಿ ಇನ್ನೂ 2 ಬಿಲಿಯನ್ ಸೇರಿ ಅದು 8.2 ಆಯಿತು. ಜಿಎಒ ಅಂದರೆ ನಮ್ಮ ಸಿಎಜಿ ಇದ್ದ ಹಾಗೆ, 1921ರಿಂದ ಇರುವ ಸಂಸ್ಥೆ, ಉತ್ತರ ಹೇಳುವುದು ಸರ್ಕಾರಕ್ಕಲ್ಲ, ಕಾಂಗ್ರೆಸ್ಸಿಗೆ.

ಹಣ ಕಳುವಾಯಿತಾ? ಇಲ್ಲ. ಒಂದು ಡಾಲರೂ ಯಾರ ಜೇಬಿಗೂ ಹೋಗಲಿಲ್ಲ. ಆದರೆ ಇದು ಸಣ್ಣ ವಿಷಯ ಅಂತ ನಾನು ಒಪ್ಪುವುದಿಲ್ಲ. ಬೆಲೆ ಜಾಸ್ತಿ ಬರೆದಿದ್ದರಿಂದ ಮಿತಿಯಲ್ಲಿ ಜಾಗ ಉಳಿದಿತ್ತು ಅಂತ ಗೊತ್ತಾಯಿತು, ಆ ಜಾಗದಲ್ಲಿ ಮತ್ತಷ್ಟು ಆಯುಧ ಕೊಟ್ಟರು. ಜನಪ್ರತಿನಿಧಿಗಳು ಗೆರೆ ಎಳೆದಿದ್ದರು. ಅಳತೆಪಟ್ಟಿ ಬದಲಾದ ಕೂಡಲೇ ಗೆರೆಯೂ ಸರಿದುಬಿಟ್ಟಿತು. ಅದಕ್ಕೇ ಜಿಎಒ, ‘ಬೆಲೆ ಅಂದರೆ ಏನು ಅಂತ ಕಾನೂನಿನಲ್ಲೇ ಬಿಡಿಸಿ ಬರೆಯಿರಿ’ ಅಂತ ಕಾಂಗ್ರೆಸ್ಸಿಗೆ ಸೂಚಿಸಿತು. ಇದರ ಹಿಂದೆ ಇನ್ನೂ ದೊಡ್ಡ ಕಾರಣ ಇದೆ. ಪೆಂಟಗನ್ನಿನ ಪೂರ್ತಿ ಲೆಕ್ಕಪತ್ರದ ಆಡಿಟ್ ಶುರುವಾದದ್ದೇ 2018ರಲ್ಲಿ. 2024ರವರೆಗೆ ಏಳು ಸಲ ಆಡಿಟ್ ಆಯಿತು, ಏಳೂ ಸಲ ಪಾಸಾಗಲಿಲ್ಲ. ಸ್ವಂತ ಮನೆಯ ಸಾಮಾನಿನ ಪಟ್ಟಿಯೇ ಸರಿ ಇಲ್ಲದವರು ಪಕ್ಕದ ಮನೆಗೆ ಕೊಟ್ಟದ್ದರ ಬೆಲೆ ತಪ್ಪು ಬರೆದರೆ ಆಶ್ಚರ್ಯ ಇಲ್ಲ.

ಇನ್ನು ‘ಒಂದು ಬಿಲಿಯನ್ ನಾಪತ್ತೆ’. ಇದನ್ನು ನಿಧಾನವಾಗಿ ಓದಿ.

ಅಮೆರಿಕ ಕೊಡುವ ಆಯುಧ ಕೊಟ್ಟ ಮೇಲೂ ಅದರ ಹಿಂದೆ ಒಂದು ಕಣ್ಣು ಇರಬೇಕು ಅಂತ ಅಲ್ಲಿನ ಕಾನೂನು ಹೇಳುತ್ತದೆ. ಪಡೆದ ದೇಶ ಅದನ್ನು ಮಾರುವಂತಿಲ್ಲ, ಕೇಳದೆ ಮೂರನೆಯವರಿಗೆ ಕೊಡುವಂತಿಲ್ಲ. ಇದಕ್ಕೆ ‘ಗೋಲ್ಡನ್ ಸೆಂಟ್ರಿ’ ಅಂತ ಒಂದು ಕಾರ್ಯಕ್ರಮ ಇದೆ. (ಇದು ಭಾರತಕ್ಕೂ ಗೊತ್ತಿರುವ ಷರತ್ತೇ. ಅಮೆರಿಕದಿಂದ ಕೊಂಡ ಆಯುಧಗಳ ಬಳಕೆಯ ಮೇಲೆ ಕಣ್ಣಿಡಲು ಒಪ್ಪುವ ಮಾತು 2009ರ ಜುಲೈನಲ್ಲಿ ಆದಾಗ ನಮ್ಮ ಸಂಸತ್ತಿನಲ್ಲಿ ಗಲಾಟೆಯೇ ಆಗಿತ್ತು.) ಸಾಮಾನ್ಯ ವಸ್ತುಗಳಿಗೆ ಸಾಮಾನ್ಯ ನಿಗಾ. ಭುಜದ ಮೇಲಿಟ್ಟು ಹಾರಿಸುವ ಜಾವೆಲಿನ್, ಸ್ಟಿಂಗರ್ ಕ್ಷಿಪಣಿ, ರಾತ್ರಿ ನೋಡುವ ಕನ್ನಡಕ, ಸ್ವಿಚ್‌ಬ್ಲೇಡ್ ಡ್ರೋನ್ ಇಂಥವಕ್ಕೆ ಹೆಚ್ಚಿನ ನಿಗಾ. ಒಬ್ಬ ಮನುಷ್ಯ ಹೊತ್ತುಕೊಂಡು ಹೋಗಬಹುದಾದ, ಆದರೆ ಒಂದು ವಿಮಾನವನ್ನೇ ಉರುಳಿಸಬಹುದಾದ ವಸ್ತು ಕೆಟ್ಟವರ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅವು ಬಂದ ತೊಂಬತ್ತು ದಿನದೊಳಗೆ ಒಂದೊಂದರ ಸೀರಿಯಲ್ ನಂಬರ್ ನೋಡಿ ದಾಖಲಿಸಬೇಕು. ಆಮೇಲೂ ಕಾಲಕಾಲಕ್ಕೆ ಎಣಿಸಬೇಕು.

2024ರ ಜನವರಿಯಲ್ಲಿ ಪೆಂಟಗನ್ನಿನ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಒಂದು ವರದಿ ಕೊಟ್ಟಿತು. ಇಲಾಖೆಯ ಒಳಗೇ ಇದ್ದು ಅದರ ಲೆಕ್ಕ, ಅಕ್ರಮಗಳ ಮೇಲೆ ಕಣ್ಣಿಡುವ ಕಚೇರಿ ಇದು. 2023ರ ಜೂನ್ 2ರ ಹೊತ್ತಿಗೆ ಉಕ್ರೇನ್‌ಗೆ ಹೋದ ಇಂಥ ವಸ್ತುಗಳು 39,139. ಬೆಲೆ 1.69 ಬಿಲಿಯನ್. ಅದರಲ್ಲಿ ಒಂದು ಬಿಲಿಯನ್ನಿಗಿಂತ ಸ್ವಲ್ಪ ಜಾಸ್ತಿ, ಬೆಲೆಯ ಲೆಕ್ಕದಲ್ಲಿ ನೂರಕ್ಕೆ 59ರಷ್ಟು, ಗಡುವಿನೊಳಗೆ ಎಣಿಕೆ ಆಗಿರಲಿಲ್ಲ. ವರದಿ ಹೇಳಿದ್ದು ಇಷ್ಟು. ಅವು ಕಳುವಾದವಾ ಅಂತ ನೋಡುವುದು ಈ ವರದಿಯ ಕೆಲಸವಲ್ಲ ಅಂತಲೂ ಅದರಲ್ಲೇ ಬರೆದಿದೆ. ಅಪರಾಧ ಏನಾದರೂ ಆಗಿದೆಯಾ ಅಂತ ನೋಡಲು ಅದೇ ಕಚೇರಿಯ ತನಿಖಾ ವಿಭಾಗ ಬೇರೆ ಇದೆ. ಮರುದಿನ ಬಂದ ತಲೆಬರಹಗಳು ಮಾತ್ರ ‘ಎಣಿಕೆ ತಡ’ವನ್ನು ‘ನಾಪತ್ತೆ’ ಮಾಡಿದವು. ನನ್ನ 31 ಬೈನಾಕ್ಯುಲರ್ ನೆನಪಾಗುತ್ತದೆ.

ಯಾಕೆ ತಡವಾಯಿತು? ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಿಯಮ ಮಾಡಿದ್ದು ಶಾಂತಿಕಾಲಕ್ಕೆ. ಅಮೆರಿಕದ ರಾಯಭಾರ ಕಚೇರಿಯ ಅಧಿಕಾರಿ ಮಿತ್ರದೇಶದ ಉಗ್ರಾಣಕ್ಕೆ ಹೋಗಿ, ಬೀಗ ನೋಡಿ, ಬೇಲಿ ನೋಡಿ, ನಂಬರ್ ಓದಿ ಸಹಿ ಹಾಕುವುದು ಕ್ರಮ. 2022ರ ಫೆಬ್ರವರಿಯಲ್ಲಿ ಕೀವ್‌ನ ರಾಯಭಾರ ಕಚೇರಿಯನ್ನೇ ಖಾಲಿ ಮಾಡಿದರು, ಮತ್ತೆ ತೆರೆದದ್ದು ಮೇ ತಿಂಗಳಲ್ಲಿ. ಆಮೇಲೂ ಕೆಲವೇ ಜನ. ಅವರಿಗೆ ಯುದ್ಧ ನಡೆಯುವ ಕಡೆ ಹೋಗಲು ಅನುಮತಿ ಇಲ್ಲ. ಉಗ್ರಾಣಕ್ಕೆ ಬಂದ ಜಾವೆಲಿನ್ ಮರುದಿನವೇ ಕಂದಕದಲ್ಲಿರುತ್ತದೆ. ಅದರ ಕ್ಷಿಪಣಿ ಒಂದೇ ಸಲಕ್ಕೆ. ಹಾರಿಸಿದ ಮೇಲೆ ಎಣಿಸಲು ಏನೂ ಉಳಿಯುವುದಿಲ್ಲ. ಗುರಿ ಹಿಡಿಯುವ ಯಂತ್ರ ಮಾತ್ರ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಶೆಲ್ ಬೀಳುತ್ತಿರುವಾಗ, ಪಕ್ಕದವನು ಗಾಯಗೊಂಡು ಬಿದ್ದಿರುವಾಗ, ಸೈನಿಕ ಕೊಳವೆಯ ಮೇಲಿನ ನಂಬರ್ ಓದಿ ‘ಇದು ಖರ್ಚಾಯಿತು’ ಅಂತ ಬರೆದು ಕಳಿಸಬೇಕು. ಬರೆಯಲಿಲ್ಲ ಅಂದರೆ ವಾಷಿಂಗ್ಟನ್‌ನ ಪುಸ್ತಕದಲ್ಲಿ ಆ ಕ್ಷಿಪಣಿ ಇನ್ನೂ ಬದುಕಿರುತ್ತದೆ, ಗಡುವೂ ಮೀರುತ್ತದೆ.

ಇದನ್ನು ಸರಿ ಮಾಡಲು ಉಕ್ರೇನ್ ಸೇನೆಗೆ ಬಾರ್‌ಕೋಡ್ ಸ್ಕ್ಯಾನರ್ ಕೊಟ್ಟರು. 2022ರ ಡಿಸೆಂಬರ್‌ನಲ್ಲಿ ನಿಯಮ ಬದಲಿಸಿ, ಅಮೆರಿಕನ್ನರು ಹೋಗಲಾಗದ ಕಡೆ ಉಕ್ರೇನಿನವರೇ ಎಣಿಸಿ ವರದಿ ಕೊಡಬಹುದು ಅಂದರು. ಎಣಿಕೆಯ ಬಾಕಿ ಇಳಿಯುತ್ತಿದೆ ಅಂತ ಅದೇ ವರದಿಯಲ್ಲಿ ಇದೆ. ವಿಡಿಯೋ ಮಾಡುವವರು ಆ ಪುಟ ತೋರಿಸುವುದಿಲ್ಲ.

ಹಾಗಂತ ‘ಎಲ್ಲ ಚೆನ್ನಾಗಿದೆ, ನೀವು ಸುಮ್ನೆ ಗಾಬರಿಯಾಗಿದ್ದೀರಿ’ ಅಂತ ನಾನು ಹೇಳಲಾರೆ. ವರದಿಗಳಲ್ಲಿ ನನಗೆ ನಿದ್ದೆ ಕೆಡಿಸಿದ ಸಾಲುಗಳು ಬೇರೆ ಇವೆ. ಪೋಲೆಂಡಿನ ಯಸ್ಯೋಂಕಾ ವಿಮಾನ ನಿಲ್ದಾಣದಲ್ಲಿ ಸರಕು ಇಳಿಸಿ ಉಕ್ರೇನ್‌ಗೆ ದಾಟಿಸುತ್ತಿದ್ದರು. ಆಡಿಟರುಗಳು ಕಣ್ಣಾರೆ ನೋಡಿದ ಐದು ಸಾಗಣೆಗಳಲ್ಲಿ ಮೂರರಲ್ಲಿ, ಕಳಿಸಿದ್ದೆಷ್ಟು ಬಂದದ್ದೆಷ್ಟು ಅಂತ ಅಲ್ಲಿನ ಸಿಬ್ಬಂದಿಗೆ ತಾಳೆ ನೋಡಲು ಆಗಲಿಲ್ಲ. 2024ರ ಮಾರ್ಚ್‌ನ ಜಿಎಒ ವರದಿಯಲ್ಲಿ ಇನ್ನೊಂದು ಇದೆ. ‘ತಲುಪಿದೆ’ ಅಂದರೆ ಏನು ಅಂತಲೇ ಪೆಂಟಗನ್ ಸ್ಪಷ್ಟವಾಗಿ ಬರೆದಿರಲಿಲ್ಲ. ಸರಕು ಇನ್ನೂ ದಾರಿಯಲ್ಲಿರುವಾಗಲೇ ಕೆಲವು ಕಡೆ ‘ತಲುಪಿದೆ’ ಅಂತ ದಾಖಲಿಸುತ್ತಿದ್ದರು. ಡೆಲಿವರಿ ಚಲನ್‌ಗೆ ಲಾರಿ ಹೊರಡುವ ಮೊದಲೇ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇದು. ನಮ್ಮ ಕಡೆಯ ಡಿಪೋಗಳಲ್ಲೂ ನಾನು ಇದನ್ನು ಕಂಡಿದ್ದೇನೆ. ಕಳ್ಳನಿಗೆ ಬಾಗಿಲು ತೆರೆಯುವುದೇ ಇಂಥ ಕಡೆ. ದಾರಿಯಲ್ಲಿ ಒಂದು ಪೆಟ್ಟಿಗೆ ಇಳಿದರೆ ಕಳಿಸಿದವನ ಪುಸ್ತಕವೂ ಸರಿ, ಪಡೆದವನ ಪುಸ್ತಕವೂ ಸರಿ, ಪೆಟ್ಟಿಗೆ ಮಾತ್ರ ಇಲ್ಲ.

ಕಳ್ಳತನ ಆಗಿಯೇ ಇಲ್ಲವಾ ಅಂದರೆ ಆಗಿದೆ. ಯುದ್ಧದ ಮೊದಲ ತಿಂಗಳುಗಳ ಬಗ್ಗೆ ಇನ್‌ಸ್ಪೆಕ್ಟರ್ ಜನರಲ್ ಬರೆದ ವರದಿಯಲ್ಲಿ ಕೆಲವು ಪ್ರಕರಣಗಳಿವೆ. ಒಂದು ಕ್ರಿಮಿನಲ್ ಗುಂಪು ನಕಲಿ ದಾಖಲೆ ಕೊಟ್ಟು ಸ್ವಯಂಸೇವಕ ಪಡೆಗೆ ಸೇರಿ ಆಯುಧ ಕದ್ದಿತ್ತು. ಇನ್ನೊಂದು ಸ್ವಯಂಸೇವಕ ಪಡೆಯವರು 60 ರೈಫಲ್, ಸುಮಾರು ಸಾವಿರ ಗುಂಡು ಕದ್ದಿದ್ದರು. ಇವನ್ನು ಹಿಡಿದದ್ದು ಉಕ್ರೇನಿನದೇ ಭದ್ರತಾ ಸಂಸ್ಥೆ. ನೀವು ಕೇಳಿರಬಹುದಾದ ದೊಡ್ಡ ಹಗರಣಗಳು ಬೇರೆ. 2023ರ ಜನವರಿಯಲ್ಲಿ ಸೈನಿಕರ ಊಟಕ್ಕೆ ಒಂದು ಮೊಟ್ಟೆಗೆ 17 ಹ್ರಿವ್ನಿಯಾ ಕೊಟ್ಟಿದ್ದಾರೆ, ಅಂಗಡಿಯಲ್ಲಿ ಅದು 7ಕ್ಕೆ ಸಿಗುತ್ತದೆ ಅಂತ ಅಲ್ಲಿನ ಪತ್ರಕರ್ತರು ಬಯಲು ಮಾಡಿದರು. ಉಪ ರಕ್ಷಣಾ ಸಚಿವರು ರಾಜೀನಾಮೆ ಕೊಟ್ಟರು, ಸೆಪ್ಟೆಂಬರ್ ಹೊತ್ತಿಗೆ ಸಚಿವರೂ ಬದಲಾದರು. ಒಂದು ಲಕ್ಷ ಮಾರ್ಟರ್ ಶೆಲ್‌ಗೆ ಮುಂಗಡ ಕೊಟ್ಟು ಶೆಲ್ಲೇ ಬಾರದ, ಸುಮಾರು 40 ಮಿಲಿಯನ್ ಡಾಲರಿನ ಪ್ರಕರಣ 2024ರ ಜನವರಿಯಲ್ಲಿ ಹೊರಬಂತು. ಇವೆರಡೂ ಉಕ್ರೇನ್ ಸರ್ಕಾರ ತಾನೇ ಮಾಡಿದ ಖರೀದಿ. ಅಮೆರಿಕದ ಉಗ್ರಾಣದಿಂದ ಹೋದ ಆಯುಧಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಾವನ ವಿಡಿಯೋಗಳಲ್ಲಿ ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿರುತ್ತಾರೆ.

ಹೋಲಿಕೆಗೆ ಇರಾಕ್ ನೋಡಿ. 2004 ಮತ್ತು 2005ರಲ್ಲಿ ಇರಾಕಿನ ಪಡೆಗಳಿಗೆ ಕೊಟ್ಟ 1,10,000 ಎಕೆ-47 ಮತ್ತು 80,000 ಪಿಸ್ತೂಲಿಗೆ ಲೆಕ್ಕ ಕೊಡಲು ಪೆಂಟಗನ್‌ಗೆ ಆಗಲಿಲ್ಲ ಅಂತ 2007ರಲ್ಲಿ ಜಿಎಒ ಬರೆಯಿತು. ಯಾರಿಗೆ ಯಾವ ನಂಬರಿನ ಬಂದೂಕು ಕೊಟ್ಟರು ಅಂತ ಮೊದಲಿಂದ ಪುಸ್ತಕವನ್ನೇ ಸರಿಯಾಗಿ ಇಟ್ಟಿರಲಿಲ್ಲ. ಅಫ್ಘಾನಿಸ್ತಾನದಲ್ಲಿ 2021ರ ಆಗಸ್ಟ್‌ನಲ್ಲಿ ಸರ್ಕಾರ ಬಿದ್ದಾಗ ಅಮೆರಿಕದ ಹಣದಲ್ಲಿ ಕೊಟ್ಟಿದ್ದ 7.12 ಬಿಲಿಯನ್ ಡಾಲರಿನ ಸಾಮಗ್ರಿ ಅಲ್ಲೇ ಉಳಿಯಿತು. ಅಲ್ಲಿ ಎಣಿಕೆಯದ್ದಷ್ಟೇ ತೊಂದರೆ ಅಲ್ಲ. ಪಡೆದವರೇ ಇಲ್ಲವಾದರೆ ಯಾವ ರಿಜಿಸ್ಟರ್ ತಾನೇ ಕಾಯುತ್ತದೆ? ಆ ಎರಡು ಪಾಠದಿಂದಲೇ ಉಕ್ರೇನ್ ವಿಷಯದಲ್ಲಿ ಮೊದಲ ವರ್ಷದಲ್ಲೇ ಆಡಿಟ್ ಶುರುವಾಯಿತು. 2022ರ ಮೇ ತಿಂಗಳಲ್ಲಿ ಸೆನೆಟರ್ ರಾಂಡ್ ಪಾಲ್, ನಿಗಾ ಇಡಲು ಒಬ್ಬ ಇನ್‌ಸ್ಪೆಕ್ಟರ್ ಜನರಲ್ ಬೇಕು ಅಂತ ಹಠ ಹಿಡಿದು 40 ಬಿಲಿಯನ್ನಿನ ಮಸೂದೆಯನ್ನು ಒಂದು ವಾರ ತಡೆದಿದ್ದರು. ಅವರ ರಾಜಕೀಯ ಏನೇ ಇರಲಿ, ಆ ಬೇಡಿಕೆ ನ್ಯಾಯವಾದದ್ದು ಅಂತ ನನಗೆ ಆಗಲೂ ಅನ್ನಿಸಿತ್ತು. ಆಮೇಲೆ ಕಾಂಗ್ರೆಸ್ ಕಾನೂನು ಮಾಡಿ ಇದಕ್ಕೆಂದೇ ವಿಶೇಷ ಇನ್‌ಸ್ಪೆಕ್ಟರ್ ಜನರಲ್ ವ್ಯವಸ್ಥೆ ತಂದಿತು. ಪೆಂಟಗನ್ನಿನ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ರಾಬರ್ಟ್ ಸ್ಟಾರ್ಚ್ ಅವರಿಗೇ ಆ ಹೊಣೆ ಬಂತು.

ಈಗ ನಿಮ್ಮ ಕೊನೆಯ ಅನುಮಾನ. ಹೌದು, ತೆಗೆದರು. 2025ರ ಜನವರಿ 24ರ ರಾತ್ರಿ ಟ್ರಂಪ್ ಸರ್ಕಾರ ಸುಮಾರು ಹದಿನೇಳು ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಒಟ್ಟಿಗೆ ತೆಗೆದುಹಾಕಿತು. ಸ್ಟಾರ್ಚ್ ಅವರಲ್ಲೊಬ್ಬರು. ಮೂವತ್ತು ದಿನ ಮೊದಲು ಕಾಂಗ್ರೆಸ್ಸಿಗೆ ಕಾರಣ ತಿಳಿಸಬೇಕು ಅನ್ನುತ್ತದೆ ಕಾನೂನು, ತಿಳಿಸಲಿಲ್ಲ. ತೆಗೆದದ್ದು ಕಾನೂನಿಗೆ ವಿರುದ್ಧ ಅಂತ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಹೇಳಿತು, ಆದರೆ ವಾಪಸು ಕೂರಿಸಲಿಲ್ಲ. ಕಚೇರಿ ಮುಚ್ಚಲಿಲ್ಲ. ಕೆಳಗಿನ ಆಡಿಟರುಗಳು ಇದ್ದಾರೆ, ತ್ರೈಮಾಸಿಕ ವರದಿಗಳು ಬಂದವು. ಆದರೆ ಕೆಲಸ ಹೇಗೆ ನಡೆಯುತ್ತದೆ ಅಂತ ನಾನು ಒಳಗಿದ್ದು ಬಲ್ಲೆ. ಮೇಲಿನವರನ್ನು ಒಂದು ರಾತ್ರಿಯಲ್ಲಿ ತೆಗೆಯಬಹುದು ಅಂತ ಗೊತ್ತಾದರೆ ಕೆಳಗಿನವನ ಪೆನ್ನು ತಾನಾಗಿಯೇ ಮೆತ್ತಗಾಗುತ್ತದೆ. ‘ತೋರಿಸಲಿಲ್ಲ’ ಅಂತ ಬರೆಯುವ ಕಡೆ ‘ಪರಿಶೀಲನೆಯಲ್ಲಿದೆ’ ಅಂತ ಬರೆಯುತ್ತಾನೆ. ನಿಮ್ಮ ಮಾವ ಯಾವುದಕ್ಕಾದರೂ ಚಿಂತೆ ಮಾಡುವುದಾದರೆ, ಆ ನೂರು ಬಿಲಿಯನ್ ಬಿಟ್ಟು ಇದಕ್ಕೆ ಮಾಡಲಿ.

ಹಾಗಾದರೆ ಏನು ಮಾಡಬಹುದಿತ್ತು, ಏನು ಮಾಡಬಹುದು? ‘ಎಣಿಕೆ ಮುಗಿಯುವವರೆಗೆ ಕೊಡಬೇಡಿ’ ಅನ್ನುವುದು ಕೇಳಲು ಚಂದ. ಆದರೆ ಯುದ್ಧದಲ್ಲಿ ತಡವೂ ಒಂದು ವೆಚ್ಚ. 2023ರ ಕೊನೆಯಿಂದ 2024ರ ಏಪ್ರಿಲ್‌ವರೆಗೆ ಕಾಂಗ್ರೆಸ್ಸಿನಲ್ಲಿ ಹಣ ನಿಂತಾಗ ಉಕ್ರೇನಿನ ಫಿರಂಗಿಗಳಿಗೆ ಶೆಲ್ ರೇಷನ್ ಆಗಿತ್ತು. ಅಮೆರಿಕನ್ ಇನ್‌ಸ್ಪೆಕ್ಟರುಗಳನ್ನೇ ಯುದ್ಧಭೂಮಿಗೆ ಕಳಿಸಿ ಅಂದರೆ, ಒಬ್ಬ ಸತ್ತರೂ ಅದು ಅಮೆರಿಕ ಮತ್ತು ರಷ್ಯಾ ನಡುವಿನ ವಿಷಯವಾಗುತ್ತದೆ. ಉಕ್ರೇನಿನವರೇ ಎಣಿಸಲಿ ಅಂದರೆ ವೇಗ ಬರುತ್ತದೆ, ಆದರೆ ಪರೀಕ್ಷೆ ಬರೆದವನೇ ಅಂಕ ಹಾಕಿಕೊಂಡ ಹಾಗೆ. ನನ್ನ ಅಭಿಪ್ರಾಯದಲ್ಲಿ ಇದೇ ಇದ್ದದ್ದರಲ್ಲಿ ವಾಸಿ, ಒಂದು ಷರತ್ತಿನ ಮೇಲೆ. ಅವರು ಕೊಟ್ಟ ಪಟ್ಟಿಯಿಂದ ನೂರಕ್ಕೆ ಐದೋ ಹತ್ತೋ ನಂಬರನ್ನು ಅಮೆರಿಕನ್ನರು ತಾವೇ ಆರಿಸಿ, ‘ಇವನ್ನು ಹಿಂದಿನ ಉಗ್ರಾಣಕ್ಕೆ ತಂದು ತೋರಿಸಿ’ ಅನ್ನಬೇಕು. ಯಾವುದನ್ನು ಕೇಳುತ್ತಾರೆ ಅಂತ ಮೊದಲೇ ಗೊತ್ತಾಗಬಾರದು. ನಾನು ಇಷ್ಟು ವರ್ಷ ಮಾಡಿದ್ದು ಅದೇ. ಪೂರ್ತಿ ಎಣಿಸಲು ಎಂದೂ ಸಮಯ ಸಿಗುತ್ತಿರಲಿಲ್ಲ.

ಇನ್ನೊಂದು ಬದಲಾವಣೆಯೂ ಆಗಿದೆ. 2025ರ ಜುಲೈನಿಂದ ಯುರೋಪಿನ ದೇಶಗಳು ಹಣ ಕೊಟ್ಟು ಅಮೆರಿಕದ ಆಯುಧ ಕೊಂಡು ಉಕ್ರೇನ್‌ಗೆ ಕೊಡುವ ಏರ್ಪಾಡು ನ್ಯಾಟೋ ಮೂಲಕ ಶುರುವಾಯಿತು. ನಿಮ್ಮ ತೆರಿಗೆಯ ಮೇಲಿನ ಭಾರ ಇಳಿಯಿತು ಅಂತ ಸಮಾಧಾನ ಆಗಬಹುದು. ಆದರೆ ಆಯುಧದ ಮೇಲಿನ ನಿಗಾ, ಹಣ ಯಾರದು ಅಂತ ನೋಡುವುದಿಲ್ಲ. ಸ್ಟಿಂಗರ್ ಅಮೆರಿಕದ್ದಾದರೆ ಅದರ ನಂಬರ್ ಹಿಂದೆ ಹೋಗುವ ಹೊಣೆಯೂ ಅಮೆರಿಕದ್ದೇ. ಹಣ ನಮ್ಮದಲ್ಲ ಅಂತ ಕಾಂಗ್ರೆಸ್ಸಿನ ಆಸಕ್ತಿ ಕುಗ್ಗುವ ಅಪಾಯ ನನಗೆ ಇಲ್ಲಿ ಕಾಣುತ್ತದೆ.

ನಿಮ್ಮ ಕೈಯಲ್ಲಿ ಏನಿದೆ ಅಂತ ಕೇಳಿದ್ದೀರಿ. ನೀವು ಅಲ್ಲಿನ ಪೌರರಾಗಿದ್ದರೆ ನಿಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ಬರೆಯಿರಿ, ಗ್ರೀನ್ ಕಾರ್ಡ್ ಇದ್ದರೂ ಬರೆಯಬಹುದು. ‘ಭ್ರಷ್ಟಾಚಾರ ನಿಲ್ಲಿಸಿ’ ಅಂತ ಬರೆದರೆ ಅಚ್ಚಾದ ಉತ್ತರ ಬರುತ್ತದೆ. ಅದರ ಬದಲು ಎರಡೇ ಪ್ರಶ್ನೆ ಕೇಳಿ. ಹೆಚ್ಚಿನ ನಿಗಾದ ವಸ್ತುಗಳಲ್ಲಿ ಈಗ ಎಷ್ಟಕ್ಕೆ ಎಣಿಕೆ ಬಾಕಿ ಇದೆ? ‘ಬೆಲೆ’ಯ ಅರ್ಥವನ್ನು ಕಾನೂನಿನಲ್ಲಿ ಬರೆಯಿರಿ ಅಂತ ಜಿಎಒ ಹೇಳಿದ್ದು ಏನಾಯಿತು? ಇಂಥ ಪ್ರಶ್ನೆಗೆ ಅಲ್ಲಿನ ಸಿಬ್ಬಂದಿ ಎದ್ದು ಹುಡುಕಲೇಬೇಕಾಗುತ್ತದೆ.

ಮಾವನ ಜೊತೆ ವಾದ ಮಾಡಬೇಡಿ. ವಿಶೇಷ ಇನ್‌ಸ್ಪೆಕ್ಟರ್ ಜನರಲ್ ಅವರ ತ್ರೈಮಾಸಿಕ ವರದಿಗಳು ಎಲ್ಲರಿಗೂ ಸಿಗುತ್ತವೆ. ಮೂರು ಸಂಚಿಕೆ ಪ್ರಿಂಟ್ ತೆಗೆದು ಊಟದ ಮೇಜಿನ ಮೇಲೆ ಇಡಿ. ಎಣಿಕೆಯ ಬಗ್ಗೆ ಬರೆದಿರುವ ಪುಟಗಳಿಗೆ ಒಂದೊಂದು ಚೀಟಿ ಅಂಟಿಸಿ. ಮೂರರಲ್ಲೂ ಬಾಕಿ ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಇಬ್ಬರೂ ಕೂತು ನೋಡಿ. ಕಪ್ಪು ಬಳಿದು ಮುಚ್ಚಿದ ಸಾಲುಗಳು ಹಿಂದಿನ ಸಂಚಿಕೆಗಿಂತ ಜಾಸ್ತಿ ಆಗಿವೆಯಾ ಅಂತಲೂ ನೋಡಿ. ಆಗಿದ್ದರೆ ಆ ಪುಟದ ಸಂಖ್ಯೆ ಬರೆದು ನನಗೂ ಕಳಿಸಿ, ಒಟ್ಟಿಗೆ ಓದೋಣ.